ನಲವತ್ತೇಳನೇ ನಂಬರಿನ ಶಿಫಾರಸು

ಈ ಲೋಕದಲ್ಲಿ ಶಿಫಾರಸು ಮಾಡುವವರು ಕೆಲವರು, ಶಿಫಾರಸಿಗೆ ಅಲೆಯುವವರು ಮಿಕ್ಕವರೆಲ್ಲ. ಕೊಡೆ ಕಾರ್ಖಾನೆಯ ಸೈರನ್ನಣ್ಣ ಎರಡನೆಯ ಗುಂಪಿನಲ್ಲಿ ಹುಟ್ಟಿ, ಅದರಲ್ಲೇ ಬೆಳೆದು, ಅದರಲ್ಲೇ ತಲೆಗೂದಲು ಉದುರಿಸಿಕೊಂಡವನು. ಶಾಲೆಗೆ ಸೇರಲು ಒಬ್ಬರ ಚೀಟಿ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲು ಇನ್ನೊಬ್ಬರ ಚೀಟಿ, ಬಾಡಿಗೆ ಮನೆಗೆ ಮತ್ತೊಬ್ಬರ ಬಾಯಿಮಾತು. ಕಾರ್ಖಾನೆಯಲ್ಲಿ ಸೈರನ್ನಿನ ಗುಂಡಿ ಒತ್ತುವ ಕೆಲಸವಂತೂ ಅವನ ಮಾವನಿಗೆ ಪರಿಚಯವಿದ್ದ ಗುಮಾಸ್ತರೊಬ್ಬರ ಷಡ್ಡಕನ ಪತ್ರದಿಂದ ಸಿಕ್ಕಿದ್ದು. ನಲವತ್ತೊಂಬತ್ತು ವರ್ಷ ಹೀಗೆ ಬೇರೆಯವರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತವನಿಗೆ ಒಂದು ದಿನ, ಲೋಕಕ್ಕೆ ತಾನೇ ಶಿಫಾರಸು ಮಾಡಬಹುದಾದ ಒಂದು ವಸ್ತು ಸಿಕ್ಕಿಬಿಟ್ಟಿತು. ಆಮೇಲೆ ನಡೆದ ಅನಾಹುತಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಹಸಿದವನ ಮುಂದೆ ತಟ್ಟೆ ಇಟ್ಟು, ಮಿತವಾಗಿ ಉಣ್ಣು ಎನ್ನುವುದು ಹೊಟ್ಟೆ ತುಂಬಿದವರ ನೀತಿ.

ಅವನ ಕೋಣೆ ಕಾರ್ಖಾನೆಯ ಮಹಡಿ ಮೆಟ್ಟಿಲ ಕೆಳಗಿತ್ತು. ಅಂಗಿ ತೊಡಬೇಕಾದರೆ ಹೊರಗೆ ಬಂದು ಕೈ ಚಾಚಬೇಕು, ಅಷ್ಟು ವಿಶಾಲ. ಒಳಗೆ ಒಂದು ಸ್ಟೂಲು, ಒಂದು ಮೈಕು, ಗೋಡೆಯಲ್ಲಿ ಒಂದು ಕೆಂಪು ಗುಂಡಿ. ದಿನಕ್ಕೆ ನಾಲ್ಕು ಸಲ ಆ ಗುಂಡಿ ಒತ್ತಿದರೆ ಮುನ್ನೂರು ಜನ ಕೂರುತ್ತಿದ್ದರು, ಏಳುತ್ತಿದ್ದರು, ಊಟದ ಡಬ್ಬಿ ಬಿಚ್ಚುತ್ತಿದ್ದರು, ಮನೆಗೆ ಹೋಗುತ್ತಿದ್ದರು. ಮುನ್ನೂರು ಜನರನ್ನು ಒಂದು ಬೆರಳಿನಲ್ಲಿ ಆಡಿಸುವ ಮನುಷ್ಯನ ಸ್ವಂತ ಮಾತಿಗೆ ಮನೆಯಲ್ಲಿ ಬೆಕ್ಕೂ ತಿರುಗಿ ನೋಡುತ್ತಿರಲಿಲ್ಲ.

ಬೆಳಗಿನ ಸೈರನ್ನಿಗೆ ಮುಂಚೆ ಹತ್ತು ನಿಮಿಷ ಹಾಡು ಹಾಕುವುದು ಕಾರ್ಖಾನೆಯ ರೂಢಿ. ಗೇಟಿನ ಹೊರಗೆ ಚಹಾ ಕುಡಿಯುತ್ತ ನಿಂತವರನ್ನು ಒಳಗೆ ಎಳೆಯಲು. ಹಳೆಯ ಪ್ಲೇಯರ್ ಕೆಟ್ಟು ಕೂತಾಗ, ಗುಜರಿ ಅಂಗಡಿಯಲ್ಲಿ ಒಂದು ನೋಡಿಕೊಂಡು ಬಾ ಎಂದು ಮ್ಯಾನೇಜರ್ ಕಳಿಸಿದರು. ಗುಜರಿಯವನು ಕೊಟ್ಟ ಪೆಟ್ಟಿಗೆಯ ಬಾಯಲ್ಲಿ ಯಾರದೋ ಪೆನ್ ಡ್ರೈವ್ ಸಿಕ್ಕಿಹಾಕಿಕೊಂಡಿತ್ತು. ಅವನು ಇಕ್ಕಳ ಹಾಕಿ ಎಳೆದ, ಅಂಗಾಲು ಊರಿ ಎಳೆದ, ಕೊನೆಗೆ ಅದು ಪೆಟ್ಟಿಗೆಯ ಹಲ್ಲು, ಹುಟ್ಟಿದಾಗಲೇ ಬಂದದ್ದು, ಹಾಗೇ ಇರಲಿ ಎಂದು ಉಪದೇಶ ಮಾಡಿ ಚೀಲಕ್ಕೆ ತುಂಬಿದ.

ಸಂಜೆ ಮನೆಯಲ್ಲಿ ಸೈರನ್ನಣ್ಣ ಅದನ್ನು ಹಚ್ಚಿದಾಗ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಅವಳೂ ಅದೇ ಕಾರ್ಖಾನೆಯವಳು, ಪರೀಕ್ಷೆ ಟೇಬಲ್ಲಿನ ಹಿರಿಯಳು, ಟೇಬಲ್ಲಿನವರಿಗೆಲ್ಲ ದೊಡ್ಡಕ್ಕ. ಅಲ್ಲಿ ಎಂಟು ಹೆಂಗಸರ ಕೆಲಸವೆಂದರೆ, ಸಿದ್ಧವಾಗಿ ಬಂದ ಕೊಡೆಯನ್ನು ಮೂರು ಸಲ ಬಿಚ್ಚಿ, ಮೂರು ಸಲ ಮಡಚಿ, ಕಡ್ಡಿ ನೋಡಿ, ಪಟ್ಟಿ ಸುತ್ತಿ ಪಕ್ಕಕ್ಕಿಡುವುದು. ಒಬ್ಬೊಬ್ಬರಿಗೆ ಗಂಟೆಗೆ ಅರವತ್ತು. ಹದಿನೆಂಟು ವರ್ಷ ಕೊಡೆಯ ಸ್ಪ್ರಿಂಗ್ ಒತ್ತಿ ಒತ್ತಿ ಅವಳ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ ಚಮಚದ ಹಾಗಾಗಿತ್ತು.

ಪೆಟ್ಟಿಗೆಯಿಂದ ಹಾಡು ಹೊರಬಿತ್ತು. ಹೊರಬಿತ್ತು ಎನ್ನುವುದೇ ಸರಿ. ತಗಡಿನ ಮೇಲೆ ಕಾಳು ಸುರಿದ ಹಾಗೆ ಒಂದು ಬ್ಯಾಂಜೊ, ಅದರ ಬೆನ್ನು ಹತ್ತಿದ ಮ್ಯಾಂಡೊಲಿನ್, ಇಬ್ಬರನ್ನೂ ಓಡಿಸಿಕೊಂಡು ಬರುವ ಪಿಟೀಲು, ಇವರೆಲ್ಲರ ತಲೆಯ ಮೇಲೆ ಮೂಗಿನಿಂದ ಕೂಗಿ ಹಾಡುವ ಒಬ್ಬ ಗಂಡಸು. ಸೈರನ್ನಣ್ಣನ ಕೈಯಲ್ಲಿದ್ದ ಲೋಟ ಕೈಯಲ್ಲೇ ನಿಂತಿತು.

ದೊಡ್ಡಕ್ಕ ಸ್ವಲ್ಪ ಹೊತ್ತು ಕೇಳಿ ತೀರ್ಪು ಕೊಟ್ಟಳು. "ಪಾತ್ರೆ ಅಂಗಡಿ ಮೆಟ್ಟಿಲ ಮೇಲಿಂದ ಉರುಳಿದ ಹಾಗಿದೆ. ಆದ್ರೂ ಪಾಪ, ಎಲ್ಲ ಪಾತ್ರೆನೂ ಒಂದೇ ತಾಳಕ್ಕೆ ಉರುಳ್ತಿವೆ."

ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ಎರಡು ವಿಭಾಗಗಳ ಹೆಸರಿತ್ತು. ಮೊದಲನೆಯದು ಬ್ಲೂಗ್ರಾಸ್, ಎರಡನೆಯದು ಆಲ್ಟ್ ಕಂಟ್ರಿ, ಎರಡೂ ಅಮೆರಿಕದ ಹಳ್ಳಿಗಾಡಿನ ಹಾಡಿನ ಬಗೆಗಳು. ಹಾಡುಗಳಿಗೆ ಹೆಸರಿರಲಿಲ್ಲ, ಹಾಡಿದವರಿಗೂ ಇರಲಿಲ್ಲ. ಬರೀ ನಂಬರು, ಒಂದರಿಂದ ಇನ್ನೂರ ಹದಿನಾಲ್ಕರ ತನಕ. ಸೈರನ್ನಣ್ಣನಿಗೆ ಹಾಡಿನ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೆ ತಿಳಿಯದ ವಿಷಯದಲ್ಲಿ ಪಂಡಿತನಾಗುವುದು ಎಷ್ಟು ಸುಲಭವೋ, ತಿಳಿದ ವಿಷಯದಲ್ಲಿ ಆಗುವುದು ಅಷ್ಟು ಸುಲಭವಲ್ಲ. ಎರಡು ವಾರದಲ್ಲಿ ಅವನು ಇನ್ನೂರ ಹದಿನಾಲ್ಕನ್ನೂ ನುಂಗಿ ಅರಗಿಸಿಕೊಂಡ. ಮೊದಲನೇ ವಿಭಾಗದ್ದು ಕುದುರೆ, ಎರಡನೆಯದು ಆಮೆ ಎಂದು ಕಂಡುಕೊಂಡ. ಕುದುರೆಗಳಲ್ಲೆಲ್ಲ ನಲವತ್ತೇಳನೇ ನಂಬರೇ ಮೇಲು, ಅಷ್ಟು ಸಂತೋಷದ ಹಾಡು ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ತೀರ್ಮಾನಿಸಿದ. ಮತ್ತು ಶಿಫಾರಸು ಶುರು ಮಾಡಿದ.

ವೈದ್ಯರು ಚೀಟಿ ಬರೆಯುವಂತೆಯೇ ಅವನೂ ಬರೆಯುತ್ತಿದ್ದ. ಜೇಬಿನಲ್ಲಿ ತುಂಡು ಕಾಗದ, ಕಿವಿಯ ಮೇಲೆ ಪೆನ್ಸಿಲ್. 'ಮೊದಲು ಹನ್ನೆರಡು. ನಂತರ ನಲವತ್ತೇಳು, ಎರಡು ಸಲ. ಊಟವಾದ ಮೇಲೆ ತೊಂಬತ್ತು. ಖಾಲಿ ಹೊಟ್ಟೆಯಲ್ಲಿ ಬೇಡ.' ಇಂಥ ಚೀಟಿಗಳು ಹಾಲಿನವನ ಕೈಗೆ, ಗೇಟಿನ ಕಾವಲುಗಾರನ ಕೈಗೆ, ಬಸ್ಸಿನಲ್ಲಿ ಪಕ್ಕ ಕೂತ ಪಾಪದವರ ಕೈಗೆ ಹೋದವು. ಆ ನಂಬರುಗಳು ಆ ಒಂದು ಪೆಟ್ಟಿಗೆಯ ಹೊರಗೆ ಎಲ್ಲಿಯೂ ಯಾರಿಗೂ ಅರ್ಥವಾಗುವುದಿಲ್ಲ ಎಂಬ ಸಣ್ಣ ಸಂಗತಿ ಶಿಫಾರಸುದಾರನಿಗೆ ಹೊಳೆಯಲಿಲ್ಲ. ಪಡೆದವರೂ ಹೇಳಲಿಲ್ಲ. ಹೇಳಿದರೆ ಅವನು ಪೆಟ್ಟಿಗೆಯನ್ನೇ ಹೊತ್ತು ತಂದಾನು ಎಂಬ ಭಯ.

ಆ ಭಯಕ್ಕೆ ಕಾರಣವಿತ್ತು. ಕ್ಷೌರದಂಗಡಿಗೆ ಅವನು ಹಾಗೆಯೇ ಹೊತ್ತು ಹೋಗಿದ್ದ. ಕ್ಷೌರಿಕ ಆಗ ಅಂಚೆಯವನ ಮೀಸೆ ತಿದ್ದುತ್ತಿದ್ದ, ಹದಿನಾರು ವರ್ಷದ ಮೀಸೆ. ನಲವತ್ತೇಳನೇ ನಂಬರು ಹತ್ತಿತು. ಬ್ಯಾಂಜೊ ಓಡಿತು, ಅದರ ಹಿಂದೆ ಕತ್ತರಿಯೂ ಓಡಿತು. ಹಾಡು ಮುಗಿದಾಗ ಮೀಸೆಯ ಎಡಭಾಗ ಇರಲಿಲ್ಲ. ಸಮ ಮಾಡಲು ಬಲಭಾಗವನ್ನೂ ತೆಗೆಯಬೇಕಾಯಿತು. ಒಂದು ವಾರ ಅಂಚೆಯವನನ್ನು ಬೀದಿಯ ನಾಯಿಗಳೆಲ್ಲ ಹೊಸಬನೆಂದು ತಿಳಿದು ಗೇಟಿನಿಂದ ಗೇಟಿಗೆ ದಾಟಿಸಿದವು. ಸೈರನ್ನಣ್ಣ ಮಾತ್ರ, ಸಂಗೀತ ಎಷ್ಟು ಬೇಗ ನಾಟಿತು ನೋಡಿ ಎಂದ.

ಹೆಂಡತಿ ತಲೆ ಚಚ್ಚಿಕೊಂಡಳು. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಾನಂತೆ. ಕೊಡೆ ಮಾಡೋನಿಗೇ ಐಶ್ವರ್ಯ ಬಂದ್ರೆ ಏನು ಹಿಡೀಬೇಕು ಅಂತ ಗಾದೆ ಕಟ್ಟಿದೋರು ಹೇಳಿರ್ಲಿಲ್ಲ. ಈಗ ಗೊತ್ತಾಯ್ತು."

ಕತ್ತೆಗೇನು ಗೊತ್ತು ಕಸ್ತೂರಿ ಎಂದು ಗೊಣಗಿಕೊಂಡು ಅವನು ಪೆಟ್ಟಿಗೆ ಎತ್ತಿಕೊಂಡು ಕೆಲಸಕ್ಕೆ ಹೋದ. ಗೊಣಗಿದ್ದು ಬಾಗಿಲು ದಾಟಿದ ಮೇಲೆ.

ಅಂದು ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ನಲವತ್ತೇಳು ಹಚ್ಚಿದ. ಎಂಟಕ್ಕೆ ಗುಂಡಿ ಒತ್ತಿ ಹಾಡು ನಿಲ್ಲಿಸಬೇಕಿತ್ತು. ಗುಂಡಿ ಒತ್ತಿದ, ನಿಲ್ಲಿಸುವುದನ್ನು ಮರೆತ. ಪಿಟೀಲು ಎಷ್ಟನೇ ಸುತ್ತಿಗೆ ಒಳಗೆ ಬರುತ್ತದೆ ಎಂದು ಬೆರಳು ಮಡಚಿ ಎಣಿಸುತ್ತ ಕೂತವನಿಗೆ, ಅದೇ ಹಾಡು ಮತ್ತೆ ಮತ್ತೆ ಬರುತ್ತಿರುವುದೂ ತಿಳಿಯಲಿಲ್ಲ. ಒಂದು ಗಂಟೆ ಕಾರ್ಖಾನೆಯ ಎರಡೂ ಲೌಡ್ ಸ್ಪೀಕರುಗಳಿಂದ ಬ್ಯಾಂಜೊ ಸುರಿಯಿತು.

ಪರೀಕ್ಷೆ ಟೇಬಲ್ಲಿನ ಹೆಂಗಸರು ಎಂದಿನಂತೆ ಮನೆ ಸುದ್ದಿ ಮಾತಾಡುತ್ತಿದ್ದರು. ಹಾಡಿನ ಕಡೆ ಅವರ ಗಮನ ಇರಲಿಲ್ಲ, ಆದರೆ ಕೈಗಳಿಗೆ ಕಿವಿ ಹುಟ್ಟಿತ್ತು. ಫಟ್ ಎಂದು ಎಂಟು ಕೊಡೆ ಒಟ್ಟಿಗೆ ಬಿಚ್ಚಿಕೊಂಡವು, ಒಟ್ಟಿಗೆ ಮಡಚಿಕೊಂಡವು, ಮತ್ತೆ ಬಿಚ್ಚಿಕೊಂಡವು. ಮೇಲಿನಿಂದ ನೋಡಿದರೆ ಎಂಟು ಕಪ್ಪು ಕಪ್ಪೆಗಳು ತಾಳಕ್ಕೆ ಗಂಟಲು ಉಬ್ಬಿಸಿದ ಹಾಗಿತ್ತು. ಮೇಲಿನಿಂದ ನೋಡಲು ಮ್ಯಾನೇಜರರ ಗಾಜಿನ ಕೋಣೆಯೂ ಇತ್ತು, ಗಾಜಿನ ಹಿಂದೆ ಮ್ಯಾನೇಜರರೂ ಇದ್ದರು. ಗಂಟೆಯ ಕೊನೆಗೆ ಗೋಡೆಯ ಹಲಗೆಯ ಮೇಲೆ ತಲೆಗೆ ಎಪ್ಪತ್ತೆಂಟು ಎಂದು ಸೀಮೆಸುಣ್ಣದಲ್ಲಿ ಬಿತ್ತು.

ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಮೊದಲ ಸಲ ಸೈರನ್ನಣ್ಣನಿಗೆ ಗಾಜಿನ ಕೋಣೆಯಲ್ಲಿ ಕುರ್ಚಿ ಸಿಕ್ಕಿತು. ಬೈಗುಳಕ್ಕೆ ಸಿದ್ಧನಾಗಿ ಹೋದವನನ್ನು ಮ್ಯಾನೇಜರ್ ಕೂರಿಸಿ, ಇದು ಯಾವ ಸಂಗೀತ, ನಿನಗೆ ಹೇಗೆ ಗೊತ್ತು, ಇನ್ನೂ ಇಂಥದ್ದು ಇದೆಯೇ ಎಂದು ವಿಚಾರಿಸಿದರು. ಯಾರೂ ಕೇಳದ ಪ್ರಶ್ನೆಗಳು ಒಟ್ಟಿಗೆ ಬಂದು ಬಿದ್ದಾಗ ಅಣೆಕಟ್ಟು ಒಡೆಯಿತು. ಕುದುರೆ, ಆಮೆ, ಬ್ಲೂಗ್ರಾಸ್, ಆಲ್ಟ್ ಕಂಟ್ರಿ, ಮೂಗಿನ ಗಾಯನದ ಮಹತ್ವ, ಎಲ್ಲವನ್ನೂ ಅವನು ಮುಕ್ಕಾಲು ಗಂಟೆ ಕುಯ್ದ. ಮ್ಯಾನೇಜರ್ ಬರೆದುಕೊಂಡರು. ಹೊರಗೆ ಬಂದಾಗ ಅವನು ಎರಡು ಅಂಗುಲ ಎತ್ತರವಾಗಿದ್ದ, ಮೆಟ್ಟಿಲ ಕೆಳಗಿನ ಕೋಣೆಗೆ ನುಗ್ಗುವಾಗ ತಲೆ ತಾಗಿತು.

ಎರಡು ದಿನ ಕಳೆದು, ಹೆಡ್ಡಾಫೀಸಿಗೆ ಹೋಗುವ ಪತ್ರವನ್ನು ಟಪಾಲಿಗೆ ಹಾಕಲು ಅವನ ಕೈಗೇ ಕೊಟ್ಟರು. ಲಕೋಟೆ ಇನ್ನೂ ಅಂಟಿಸಿರಲಿಲ್ಲ. ತನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣುತ್ತದೆ ನೋಡೋಣವೆಂದು ಅವನು ಬಿಚ್ಚಿದ. ಹೆಸರು ಎಲ್ಲಿಯೂ ಇರಲಿಲ್ಲ. 'ನಾನು ಹಲವು ವರ್ಷಗಳಿಂದ ಆಳವಾಗಿ ಅಭ್ಯಸಿಸಿರುವ ಬ್ಲೂಗ್ರಾಸ್ ಹಾಗೂ ಆಲ್ಟ್ ಕಂಟ್ರಿ ಸಂಗೀತವನ್ನು ಉತ್ಪಾದನೆಗೆ ಅಳವಡಿಸಿ' ಎಂದು ಪತ್ರ ಶುರುವಾಗಿತ್ತು. ಕೆಳಗೆ ಮ್ಯಾನೇಜರರ ಸಹಿ.

ಸಂಜೆ ಅವನು ಮುಖ ಊದಿಸಿಕೊಂಡು ಮನೆಗೆ ಬಂದು ತನ್ನ ಮೇಲಾದ ಅನ್ಯಾಯವನ್ನು ತೋಡಿಕೊಂಡ. ದುಡಿದವನು ಒಬ್ಬ, ಉಂಡವನು ಇನ್ನೊಬ್ಬ, ಇದು ಲೋಕದ ದೊಡ್ಡ ಮೋಸವೆಂದ. ಹದಿನೆಂಟು ವರ್ಷ ಆ ಟೇಬಲ್ಲಿನಲ್ಲಿ ದುಡಿದವಳು ಇದನ್ನು ಹೊಸ ಸುದ್ದಿಯಂತೆ ಕೇಳಿಸಿಕೊಂಡಳು.

"ಪತ್ರದಲ್ಲಿ ಮುಂದೇನಿತ್ತು?"

ಮುಂದೆ ಏನೋ ಇತ್ತು ಬಿಡು, ಎಪ್ಪತ್ತೆಂಟನ್ನೇ ಕಾಯಂ ಮಾಡಬೇಕಂತೆ, ಮುಟ್ಟದವರು ಸೈರನ್ ಆದ ಮೇಲೂ ಉಳಿದು ಮುಗಿಸಿ ಹೋಗಬೇಕಂತೆ, ಮುಂದಿನ ವಾರ ಗುರುವಾರ ಅಳೆಯೋಕೆ ಒಬ್ಬ ಸಾಹೇಬರನ್ನ ಕಳಿಸಬೇಕಂತೆ, ಅದೆಲ್ಲ ಇರಲಿ, ನನ್ನ ಹೆಸರು...

ಅಷ್ಟು ಹೇಳುವಾಗ ಅವನ ಕಿವಿಗೆ ತನ್ನ ಮಾತು ಬಿತ್ತು.

ದೊಡ್ಡಕ್ಕ ಬಲಗೈಯ ಹೆಬ್ಬೆರಳನ್ನು ಅವನ ಮುಖದ ಮುಂದೆ ಹಿಡಿದಳು. ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿದ್ದು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹಾಡಿನ ಹುಚ್ಚು ನಿಮಗೆ, ಕುಣಿದಿದ್ದು ನಮ್ಮ ಕೈ. ಒಂದು ಗಂಟೆ ಮೈಮರೆತು ಮಾಡಿದ್ದನ್ನ ಇನ್ನು ದಿನಾ ಎಂಟು ಗಂಟೆ ಎಚ್ಚರದಲ್ಲೇ ಮಾಡ್ಬೇಕು. ನಮ್ಮ ಟೇಬಲ್ಲಿನ ಕಿರಿಯವಳು ಏಳು ತಿಂಗಳ ಬಸುರಿ. ಅವಳಿಗೂ ಒಂದು ಚೀಟಿ ಬರ್ಕೊಡಿ, ಊಟ ಆದ್ಮೇಲೆ ಯಾವ ನಂಬರು ಅಂತ."

ಆ ಮಾತು ನಾಟಿದ ಮೇಲೆ ಸೈರನ್ನಣ್ಣ ನಾಲ್ಕು ದಿನದಲ್ಲಿ ನಾಲ್ಕು ಉಪಾಯ ಮಾಡಿದ, ನಾಲ್ಕೂ ನೆಲ ಕಚ್ಚಿದವು. ಪೆನ್ ಡ್ರೈವ್ ಕಳೆದುಹೋಯಿತು ಎನ್ನೋಣವೆಂದರೆ ಅದು ಪೆಟ್ಟಿಗೆಯ ಹಲ್ಲು, ಇಕ್ಕಳಕ್ಕೂ ಬರಲಿಲ್ಲ. ಪೆಟ್ಟಿಗೆ ಕೆಟ್ಟಿತು ಎನ್ನೋಣವೆಂದು ಮೇಜಿನ ಮೇಲಿಂದ ಕೆಡವಿದರೆ ಮೊದಲಿಗಿಂತ ಚೆನ್ನಾಗಿ ಹಾಡಿತು. ಮ್ಯಾನೇಜರರ ಬಳಿ ಹೋಗಿ, ಈ ಸಂಗೀತ ಮಳೆಗಾಲಕ್ಕೆ ಆಗಿಬರುವುದಿಲ್ಲ ಸಾರ್ ಎಂದ. ಕೊಡೆ ಕಾರ್ಖಾನೆಯಲ್ಲಿ ನಿಂತು ಮಳೆಗಾಲವನ್ನು ದೂರಬೇಡ ಎಂದು ಅವರು ಗದರಿ ಕಳಿಸಿದರು.

ಕೊನೆಯ ಉಪಾಯ, ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರು. ಹಾಡಿನಲ್ಲಿ ಒಂದಾದರೂ ಕೆಟ್ಟ ಮಾತು ಸಿಕ್ಕಿದರೆ ಮ್ಯಾನೇಜರೇ ಅದನ್ನು ನಿಲ್ಲಿಸುತ್ತಾರೆ ಎಂಬ ಲೆಕ್ಕ. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಮೇಷ್ಟ್ರು ಬೀದಿಯ ಹೋಟೆಲಿನ ಬೋರ್ಡಿನಲ್ಲಿ ಇಂದಿಗೂ ತಪ್ಪು ತಿದ್ದುವವರು. ಪೆಟ್ಟಿಗೆಗೆ ಕಿವಿ ಹಚ್ಚಿ ನಲವತ್ತೇಳನ್ನು ಮೂರು ಸಲ ಕೇಳಿದರು. ಮೊದಲ ಸಲ ವ್ಯಾಕರಣಕ್ಕೆ ಮುಖ ಕಿವಿಚಿದರು. ಎರಡನೇ ಸಲ ಕಣ್ಣು ಮುಚ್ಚಿಕೊಂಡರು. ಮೂರನೇ ಸಲ ಕನ್ನಡಕ ತೆಗೆದರು.

ಕೆಟ್ಟ ಮಾತು ಒಂದೂ ಇಲ್ಲ ಎಂದರು. ಗಣಿಯ ಹಾಡಂತೆ. ಅಪ್ಪನ ದೀಪ ನೆಲದ ಒಳಗೆ ಆರಿತು, ಅಪ್ಪ ಮೇಲೆ ಬರಲಿಲ್ಲ. ಅವ್ವ ಬಾಗಿಲಲ್ಲೇ ನಿಂತಳು. ಧಣಿ ಬಂದು, ದಿನಕ್ಕೆ ಇನ್ನೂ ಒಂದು ಬಂಡಿ ಹೆಚ್ಚಿಗೆ ತುಂಬಿ ಅಂದ. ಅಣ್ಣಗಳಿರಾ, ಹಾರೆ ಕೆಳಗಿಡಿ, ಆ ಒಂದು ಬಂಡಿ ಅವನೇ ತುಂಬಲಿ.

ಒಂದು ತಿಂಗಳಿಂದ ಆ ಹಾಡನ್ನು ಸಿಳ್ಳೆ ಹೊಡೆಯುತ್ತ ಸ್ನಾನ ಮಾಡಿದ್ದ ಸೈರನ್ನಣ್ಣ ಪೆಟ್ಟಿಗೆಯನ್ನು ನಿಲ್ಲಿಸಿದ. ಇಷ್ಟು ದುಃಖವನ್ನು ಇಷ್ಟು ಖುಷಿಯಾಗಿ ಯಾಕೆ ಹಾಡ್ತಾರೆ ಎಂದು ಕೇಳಿದ.

ಮೇಷ್ಟ್ರು ಕನ್ನಡಕ ಒರೆಸುತ್ತ ಹೇಳಿದರು. "ಅತ್ಕೊಂಡು ಹಾಡಿದ್ರೆ ಧಣಿ ಸುಮ್ನಿರ್ತಿದ್ನೇನಯ್ಯ? ಕುಣಿಯೋ ಹಾಗೆ ಹಾಡಿದ್ರೆ ಅವನೂ ಕಾಲು ಕುಣಿಸ್ತಾನೆ. ಆಗ ಪದ ಅವನ ಕಿವಿಗೆ ಬೀಳಲ್ಲ, ಬೀಳ್ಬೇಕಾದೋರಿಗೆ ಬೀಳುತ್ತೆ."

ಸೈರನ್ನಣ್ಣ ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ವರದಿ ಮಾಡಿದ. ಬಂಡಿ ಹೆಚ್ಚಿಸಬೇಡಿ ಎಂದು ಯಾರೋ ಕಟ್ಟಿದ ಹಾಡಿನಿಂದಲೇ ತಾನು ಬಂಡಿ ಹೆಚ್ಚಿಸಿದೆನಲ್ಲ ಎಂದು ಹಣೆ ಚಚ್ಚಿಕೊಂಡ. ಈಗಲೇ ಹೋಗಿ ಮ್ಯಾನೇಜರಿಗೆ ಹಾಡಿನ ಅರ್ಥ ಹೇಳಿಬಿಡುತ್ತೇನೆ ಎಂದು ಚಪ್ಪಲಿ ಹುಡುಕಿದ.

"ಹೇಳ್ಬೇಡಿ," ಎಂದಳು ದೊಡ್ಡಕ್ಕ. "ಈ ಹಾಡು ನಿಲ್ಲಿಸಿ ಇನ್ನೊಂದು ಹಾಕ್ತಾರೆ, ಅಷ್ಟೇ. ಅಳತೆ ನಿಲ್ಲಲ್ಲ." ಆಮೇಲೆ ಪೆಟ್ಟಿಗೆಯನ್ನು ನೋಡುತ್ತ ಕೇಳಿದಳು. "ಆ ಎರಡನೇ ವಿಭಾಗ, ಆಮೆ ಅಂತಿದ್ರಲ್ಲ, ಅದರಲ್ಲಿ ಏನಿದೆ?"

ಅದು ಜನಕ್ಕೆ ರುಚಿಸುವುದಿಲ್ಲ, ಬಹಳ ನಿಧಾನ ಎಂದ ಅವನು.

"ಎಷ್ಟು ನಿಧಾನ?"

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವಳು ಅವನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಸೈರನ್ನಣ್ಣ ಚಪ್ಪಲಿ ಬಿಟ್ಟು ಬಂದು ಪೆಟ್ಟಿಗೆಯ ಮುಂದೆ ಕೂತ.

ಭಾನುವಾರ ಪರೀಕ್ಷೆ ಟೇಬಲ್ಲಿನ ಎಂಟೂ ಹೆಂಗಸರು ಅವನ ನಡುಮನೆಯಲ್ಲಿ ಸೇರಿದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕೊಡೆ. ಹೊರಗೆ ಬಿಸಿಲು ಸುಡುತ್ತಿತ್ತು. ಎದುರು ಮನೆಯವರು ಕಿಟಕಿಯಿಂದ ನೋಡಿ, ಇವರ ಮನೆ ಚಾವಣಿ ಅಷ್ಟೊಂದು ಸೋರುತ್ತದೆಯೇ ಎಂದು ತಮ್ಮಲ್ಲೇ ಮಾತಾಡಿಕೊಂಡರು. ಒಳಗೆ ಸೈರನ್ನಣ್ಣ ಬೆವರು ಒರೆಸಿಕೊಳ್ಳುತ್ತ ಒಂದೊಂದೇ ಆಮೆಯನ್ನು ಹೊರಗೆ ಬಿಟ್ಟ. ನೂರ ಇಪ್ಪತ್ತು ಹಾಕಿದ. ಹೆಂಗಸರು ಕೊಡೆ ಬಿಚ್ಚಿ ಮಡಚಿ ನೋಡಿದರು. ಬಸುರಿ ಹುಡುಗಿ ಕಾಲು ಚಾಚಿ ಕೂತು ತಲೆಯಾಡಿಸಿದಳು. "ಇದಕ್ಕಿಂತ ನಿಧಾನದ್ದು ಇಲ್ವಾ ಅಣ್ಣ?" ನೂರ ನಲವತ್ತೊಂದು ಹಾಕಿದ. "ಇದೂ ಸ್ವಲ್ಪ ಓಡುತ್ತೆ ಅಣ್ಣ." ಕೊನೆಗೆ ನೂರ ಅರವತ್ತಮೂರಕ್ಕೆ ಬಂದ. ಅದರಲ್ಲಿ ಹಾಡುವವನಿಗೆ ಬದುಕೇ ಸಾಕಾಗಿತ್ತು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಎದ್ದು ಹೋಗಿ ಒಂದು ಕೊಡ ನೀರು ತುಂಬಿಕೊಂಡು ಬರಬಹುದಿತ್ತು. ಗಿಟಾರಿನಂಥದೇನೋ ದೂರದಲ್ಲೆಲ್ಲೋ ನರಳುತ್ತಿತ್ತು. ಎಂಟು ಕೊಡೆಗಳು ಮೊಗ್ಗು ಅರಳುವಂತೆ ಅರಳಿದವು, ಸಂಜೆಯಾದಂತೆ ಮುಚ್ಚಿದವು. ಹುಡುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇನ್ನೊಂದ್ಸಲ ಹಾಕಿ," ಎಂದಳು ದೊಡ್ಡಕ್ಕ. ಅದು ಬರೀ ಅಭ್ಯಾಸಕ್ಕಾಗಿ ಕೇಳಿದ್ದಲ್ಲ ಎಂದು ಗಂಡನಿಗೆ ಮಾತ್ರ ತಿಳಿಯಿತು.

ಗುರುವಾರ ಅಳತೆ ಸಾಹೇಬರು ಬಂದರು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ, ಕೊಡೆಗೊಂದು ಸಲ ಒತ್ತಿ ಲೆಕ್ಕ ಇಡುವ ಸ್ಟಾಪ್ ವಾಚ್, ಕಂಕುಳಲ್ಲಿ ಹಲಗೆ. ಚಹಾ ಕೊಟ್ಟರೆ ಆರುವುದಕ್ಕೆ ಎಷ್ಟು ಹೊತ್ತಾಯಿತು ಎಂದು ನೋಡಿಕೊಂಡು ಕುಡಿಯುವ ಮನುಷ್ಯ. ಮ್ಯಾನೇಜರ್ ಹೊಸ ಟೈ ಕಟ್ಟಿ, ತಮ್ಮ ಸಂಗೀತಾಭ್ಯಾಸದ ಕಷ್ಟಗಳನ್ನು ಮೆಟ್ಟಿಲಿನಿಂದಲೇ ವರ್ಣಿಸುತ್ತ ಅವರನ್ನು ಟೇಬಲ್ಲಿನ ಬಳಿ ಕರೆತಂದರು. ನಂತರ ಮೆಟ್ಟಿಲ ಕೆಳಗಿನ ಕೋಣೆಯತ್ತ ಕೈ ಬೀಸಿ, ಶುರು ಮಾಡಯ್ಯ ಎಂದರು.

ಸೈರನ್ನಣ್ಣನ ಬೆರಳು ನಲವತ್ತೇಳನ್ನು ದಾಟಿ, ಮೊದಲನೇ ವಿಭಾಗವನ್ನೇ ದಾಟಿ, ನೂರ ಅರವತ್ತಮೂರರ ಮೇಲೆ ನಿಂತಿತು. ಒತ್ತಿದ.

ಕಾರ್ಖಾನೆಯ ತುಂಬ ನಿಟ್ಟುಸಿರು ಹರಡಿತು. ಮ್ಯಾನೇಜರರ ಮುಖದಲ್ಲಿದ್ದ ನಗು ಜಾರಲು ಶುರುವಾಯಿತು. ಇದಲ್ಲ ಎಂದು ಸನ್ನೆ ಮಾಡಲು ಅವರು ಕೈ ಎತ್ತುವಷ್ಟರಲ್ಲಿ ಸಾಹೇಬರು ತಿರುಗಿ, ಇದು ಪತ್ರದಲ್ಲಿ ಬರೆದಿದ್ದ ಎರಡರಲ್ಲಿ ಯಾವುದು ಎಂದು ಕೇಳಿದರು. ಎತ್ತಿದ ಕೈ ಕೂದಲು ಸರಿಮಾಡಿಕೊಂಡಿತು. ಹಲವು ವರ್ಷ ಆಳವಾಗಿ ಅಭ್ಯಸಿಸಿದವರಿಗೆ ಗೊತ್ತಿಲ್ಲ ಎನ್ನುವ ಸೌಕರ್ಯ ಇರುವುದಿಲ್ಲ.

"ಇದು... ಗಂಭೀರ ಭಾಗ ಸಾರ್," ಎಂದರು ಮ್ಯಾನೇಜರ್.

"ವೇಗ ಯಾವಾಗ ಬರುತ್ತೆ?"

"ಬರುತ್ತೆ ಸಾರ್. ಒಳಗೊಳಗೇ ಬರುತ್ತೆ."

ಒಂದು ಗಂಟೆ ಅದು ಒಳಗೊಳಗೇ ಇತ್ತು. ಎಂಟು ಹೆಂಗಸರು ತಲೆ ತಗ್ಗಿಸಿ, ಒಬ್ಬರನ್ನೊಬ್ಬರು ನೋಡದೆ ಕೊಡೆ ಬಿಚ್ಚಿದರು. ನಟನೆ ಎಂದು ಯಾರೂ ಬೆರಳು ತೋರುವಂತಿರಲಿಲ್ಲ. ಆ ಹಾಡಿಗೆ ಅದಕ್ಕಿಂತ ಬೇಗ ಯಾವ ಮನುಷ್ಯನ ಕೈಯೂ ಏಳುವುದಿಲ್ಲ. ಕತ್ತರಿ ವಿಭಾಗದಲ್ಲಿ ಬಟ್ಟೆ ಕತ್ತರಿಸುವವನು ಕತ್ತರಿ ಕೆಳಗಿಟ್ಟು ತನ್ನ ತೀರಿಹೋದ ತಮ್ಮನನ್ನು ನೆನೆದುಕೊಂಡ. ಗೇಟಿನ ಕಾವಲುಗಾರ ಎರಡು ಲಾರಿಗಳಿಗೆ ಗೇಟು ತೆಗೆಯುವುದನ್ನು ಮರೆತ. ಲಾರಿಯವರೂ ಹಾರನ್ ಹೊಡೆಯಲಿಲ್ಲ, ಸ್ಟೇರಿಂಗಿಗೆ ಗಲ್ಲ ಕೊಟ್ಟು ಕೇಳುತ್ತಿದ್ದರು. ಗಂಟೆಯ ಕೊನೆಗೆ ಹಲಗೆಯ ಮೇಲೆ ತಲೆಗೆ ನಲವತ್ತೊಂದು ಬಿತ್ತು.

ಬೇರೆ ಹಾಡು ಹಾಕಿಸಿದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾಗುತ್ತದೆ ಎಂದು ಮ್ಯಾನೇಜರರಿಗೆ ಹೊಳೆಯಿತು. ಹಾಡು ನಿಲ್ಲಿಸಿ ಇನ್ನೊಂದು ಗಂಟೆ ಅಳೆಯಿರಿ ಎಂದು ಅವರೇ ಬೇಡಿಕೊಂಡರು. ಹಾಡು ನಿಂತಿತು. ಹೆಂಗಸರು ಎಂದಿನಂತೆ ಮನೆ ಸುದ್ದಿ ಮಾತಾಡುತ್ತ ಎಂದಿನಂತೆ ಕೈಯಾಡಿಸಿದರು. ಅರವತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅಳತೆಯವರಿಗೆ ಅಂಕಿಯೇ ದೇವರು. ಸಾಹೇಬರು ಅಲ್ಲೇ ನಿಂತು ವರದಿ ಬರೆದರು. ಸಂಗೀತದಿಂದ ಗಂಟೆಗೆ ಹತ್ತೊಂಬತ್ತು ಕೊಡೆ ನಷ್ಟ. ಕಾರ್ಖಾನೆಯಲ್ಲಿ ಯಾವುದೇ ಯಂತ್ರದಿಂದ ಸಂಗೀತ ನುಡಿಸಕೂಡದು. ಅರವತ್ತೇ ಸಹಜವಾದ ಅಳತೆ, ಅದನ್ನು ಮುಂದೆ ಯಾರೂ ಬದಲಿಸತಕ್ಕದ್ದಲ್ಲ. ಮ್ಯಾನೇಜರರಿಗೆ ಓದಿ ಹೇಳಿ ಸಹಿ ಹಾಕಿಸಿಕೊಂಡರು. ಅಭ್ಯಾಸ ಮುಂದುವರಿಸಿ, ಮನೆಯಲ್ಲಿ, ಎಂದು ಒಂದು ಮಾತು ಸೇರಿಸಿದರು.

ಹೀಗೆ ಅರವತ್ತು ಉಳಿಯಿತು, ಹಾಡು ಹೋಯಿತು. ಸೈರನ್ನಣ್ಣ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ, ಅದರ ಕಿವಿ ಕಟ್ಟುತ್ತ ಕೂತಿದ್ದ. ಹೊರಗೆ ನೆರಳು ಬಿತ್ತು. ಅಳತೆ ಸಾಹೇಬರು ಬಗ್ಗಿ, ಕೋಣೆಯೊಳಗೆ ಅರ್ಧ ಮೈ ತೂರಿಸಿ ನಿಂತಿದ್ದರು. ಇನ್ನರ್ಧಕ್ಕೆ ಜಾಗವಿರಲಿಲ್ಲ. ಸುತ್ತ ನೋಡಿ ತಗ್ಗಿದ ದನಿಯಲ್ಲಿ ಮಾತಾಡಿದರು.

"ಆ ಹಾಡು... ಅದರಲ್ಲಿ ಒಂದು ಕಡೆ ಅವನು ಸುಮ್ನಾಗಿಬಿಡ್ತಾನಲ್ಲ. ಅಲ್ಲಿ ನಾನು ವಾಚ್ ಒತ್ತೋದನ್ನ ಮರೆತೆ. ಹದಿನೇಳು ವರ್ಷದಲ್ಲಿ ಮೊದಲ್ನೇ ಸಲ. ನಲವತ್ತೊಂದು ಅಂತ ಬರೆದಿದ್ದು ಅಂದಾಜು. ಯಾರಿಗೂ ಹೇಳ್ಬೇಡಿ. ಅದರ ಹೆಸರೇನು?"

ಸೈರನ್ನಣ್ಣ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದು ಚೀಟಿ ಬರೆದು ಕೊಟ್ಟ. ನೂರ ಅರವತ್ತಮೂರು, ದಿನಕ್ಕೆ ಒಂದೇ ಸಲ, ಖಾಲಿ ಹೊಟ್ಟೆಯಲ್ಲಿ ಬೇಡ. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಈ ನಂಬರು ಇಟ್ಟುಕೊಂಡು ನಾನು ಎಲ್ಲಿ ಹುಡುಕಲಿ ಎಂದರು. ಆಗ ಶಿಫಾರಸುದಾರನಿಗೆ ಆ ಸಣ್ಣ ಸಂಗತಿ ಮೊದಲ ಬಾರಿಗೆ ಹೊಳೆಯಿತು. ಅವನು ಚೀಟಿಯನ್ನು ಮರಳಿ ಪಡೆದು ನಂಬರಿನ ಕೆಳಗೆ ತನ್ನ ಮನೆಯ ವಿಳಾಸ ಬರೆದ. 'ಭಾನುವಾರ ಬನ್ನಿ. ವಾಚ್ ತರಬೇಡಿ.'

ಮರುದಿನ ಬೆಳಿಗ್ಗೆ ಹಾಡಿಲ್ಲದೆ ಎಂಟು ಗಂಟೆಯಾಯಿತು. ಸೈರನ್ನಣ್ಣ ಗುಂಡಿ ಒತ್ತಿ, ಇನ್ನೇನೂ ಮಾಡಲು ಇಲ್ಲದೆ ಸ್ಟೂಲಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಪರೀಕ್ಷೆ ಟೇಬಲ್ಲಿನ ಕಡೆಯಿಂದ ಒಂದು ಗುನುಗು ಬಂತು. ಗೊತ್ತಿರುವ ರಾಗ. ಗೊತ್ತಿರುವ ದನಿ, ಅದು ಮನೆಯಲ್ಲಿ ಎಂದೂ ಹಾಡಿದ್ದಿಲ್ಲ. ಅವನು ಹೊರಗೆ ಬಂದು ಕಂಬಕ್ಕೊರಗಿ ನಿಂತ. ನಲವತ್ತೇಳನೇ ನಂಬರು, ಆದರೆ ಕುದುರೆಯೂ ಅಲ್ಲ, ಆಮೆಯೂ ಅಲ್ಲ, ಮನುಷ್ಯರು ನಡೆಯುವ ವೇಗ. ಬ್ಯಾಂಜೊ ಇರಬೇಕಾದ ಕಡೆ ಎಂಟು ಕೊಡೆಗಳ ಫಟ್ ಫಟ್. ದೊಡ್ಡಕ್ಕ ಒಂದು ಸಾಲು ಹೇಳಿದರೆ ಉಳಿದವರು ತಿರುಗಿ ಹೇಳುತ್ತಿದ್ದರು. ಪದ ಅವರದೇ.

ಅರವತ್ತು ನಮ್ಮವು, ಅಲ್ಲಿಗೆ ಸಾಕು,
ಅರವತ್ತೊಂದು ಧಣಿಯೇ ಬಿಚ್ಚಲಿ.

ಮ್ಯಾನೇಜರ್ ಗಾಜಿನ ಕೋಣೆಯಿಂದ ಇಳಿದು ಬಂದರು. ಹಾಡು ನಿಷೇಧವಲ್ಲವೇ ಎಂದು ಗದರಲು ಬಾಯಿ ತೆರೆದವರು, ಆದೇಶದಲ್ಲಿ ಯಂತ್ರ ಎಂದಿರುವುದು ನೆನಪಾಗಿ ಮುಚ್ಚಿದರು. ಕಂಬದ ಇನ್ನೊಂದು ಬದಿಗೆ ನಿಂತರು. ಮುಖ ಗಂಟಿಕ್ಕಿಕೊಂಡೇ ಇತ್ತು, ಆದರೆ ಕೆಳಗೆ, ಅವರಿಗೂ ಹೇಳದೆ ಕೇಳದೆ, ಬಲಗಾಲಿನ ಬೂಟು ತಾಳ ಹಾಕುತ್ತಿತ್ತು.

"ಚೆನ್ನಾಗಿದೆ ಕಣಯ್ಯ. ಎಲ್ಲೋ ಕೇಳಿದ ಹಾಗಿದೆ," ಎಂದರು. "ಏನಂತ ಹಾಡ್ತಿದ್ದಾರೆ?"

ಸೈರನ್ನಣ್ಣ ಆ ಬೂಟನ್ನು ಸ್ವಲ್ಪ ಹೊತ್ತು ನೋಡಿದ. ಬದುಕಿನಲ್ಲಿ ಅವನು ಎಷ್ಟೋ ಶಿಫಾರಸು ಮಾಡಿದ್ದ. ಇಷ್ಟು ಮನಸಾರೆ ಮಾಡಿದ್ದು ಇದೊಂದೇ.

"ತಾಳ ಕೇಳಿ ಸಾರ್," ಎಂದ. "ಪದಕ್ಕೆ ಹೋಗ್ಬೇಡಿ."